ಹಳೇ ಸ್ಕೀ ಪೋಸ್ಟರ್ ಅಸಲಿಯೋ ನಕಲೋ? ಆಕಾಶದ ಬಣ್ಣ ನೋಡಿ

1920-30ರ ದಶಕದ ಸ್ಕೀ ಪೋಸ್ಟರ್ ಕೊಳ್ಳುವ ಮುಂಚೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಹಿಡಿದು ಆಕಾಶದ ಭಾಗವನ್ನೋ ಹಿಮದ ಮೇಲಿನ ನೆರಳನ್ನೋ ನೋಡಿ. ಸಾಲಾಗಿ ಜೋಡಿಸಿದ ಪುಟ್ಟ ಪುಟ್ಟ ಬಣ್ಣದ ಚುಕ್ಕಿ ಕಂಡರೆ ಅದು ಬಹುಪಾಲು ಈಚಿನ ಮರುಮುದ್ರಣ. ಬಳಪದಲ್ಲಿ ತಿಕ್ಕಿದ ಹಾಗೆ ಅಡ್ಡಾದಿಡ್ಡಿ ಕಾಳುಕಾಳು ಕಂಡರೆ ಒಳ್ಳೇ ಲಕ್ಷಣ. ಕಲಾವಿದ ರೋಜರ್ ಬ್ರೋಡರ್ಸ್ ಫ್ರಾನ್ಸಿನ ಪಿಎಲ್ಎಂ ರೈಲ್ವೆಗೆ ಮಾಡಿದಂಥ ಪೋಸ್ಟರ್‌ಗಳು ಲಿಥೋಗ್ರಾಫ್‌ಗಳು, ಅಂದರೆ ಕಲ್ಲಿನ ಅಥವಾ ಲೋಹದ ಫಲಕದ ಮೇಲೆ ಬಳಪದಲ್ಲಿ ಚಿತ್ರ ಬರೆದು ಅಚ್ಚು ಹಾಕಿದವು. ಅದರಲ್ಲಿ ಒಂದೊಂದು ಬಣ್ಣವನ್ನೂ ಬೇರೆ ಬೇರೆಯಾಗಿ ಅಚ್ಚು ಹಾಕುತ್ತಿದ್ದರು, ಹಾಗಾಗಿ ನೀಲಿ ಅಂದರೆ ನಿಜಕ್ಕೂ ನೀಲಿ ಶಾಯಿ. ಮರುಮುದ್ರಣಗಳಿಗೆ ಬಳಸುವ ಆಫ್‌ಸೆಟ್ ಮುದ್ರಣದಲ್ಲಿ ನಾಲ್ಕೇ ಬಣ್ಣದ ಚುಕ್ಕಿ ಬೆರೆತು ಆ ನೀಲಿಯ ಭ್ರಮೆ ಹುಟ್ಟುತ್ತದೆ. ಸಂಗ್ರಹಕಾರರು ಮರುಳಾಗುವುದೂ ಆ ಗಟ್ಟಿ ಬಣ್ಣಕ್ಕೇ ಅಲ್ವಾ! ಆದರೆ ಫೋಟೋ ಬಳಸಿದ ಪೋಸ್ಟರ್‌ಗೆ ಈ ಪರೀಕ್ಷೆ ನಡೆಯುವುದಿಲ್ಲ. 1930ರ ದಶಕದಲ್ಲಿ ವಿನ್ಯಾಸಕಾರ ಹರ್ಬರ್ಟ್ ಮ್ಯಾಟರ್ ಸ್ವಿಟ್ಜರ್ಲೆಂಡ್ ಪ್ರವಾಸೋದ್ಯಮಕ್ಕೆ ಮಾಡಿದವು ಫೋಟೋ ಜೋಡಣೆಗಳು. ಅಸಲಿಯಲ್ಲೇ ಮುದ್ರಣದ ಜಾಲರಿ ಕಾಣಬಹುದು, ನಕಲಿ ಅಂತ ಸುಮ್ನೆ ಬಿಟ್ಟು ಬರಬೇಡಿ. 1950ರ ನಂತರದವುಗಳಲ್ಲಿ ಆಫ್‌ಸೆಟ್ ಅಸಲಿಗಳೂ ಜಾಸ್ತಿ. ಅಂಥ ಕಡೆ ಟೇಪು ಹಿಡಿದು ಅಳತೆ ತಾಳೆ ನೋಡಿ: ಸ್ವಿಸ್ ಪೋಸ್ಟರ್‌ನ ಮಾಮೂಲಿ ಅಳತೆ 90.5 × 128 ಸೆಂ.ಮೀ. (ಮ್ಯಾಟರ್ ಅವರವು ಇದಕ್ಕಿಂತ ಚಿಕ್ಕವು), ಹಳೇ ಪಿಎಲ್ಎಂ ಪೋಸ್ಟರ್‌ಗಳದು ಸುಮಾರು 62 × 100. ಆನ್‌ಲೈನ್‌ನಲ್ಲಿ ಕೊಳ್ಳುವವರು ಆಕಾಶದ ಮೇಲೆ ಒಂದು ನಾಣ್ಯ ಇಟ್ಟು ಹತ್ತಿರದ ಫೋಟೋ ಕಳಿಸಿ ಅಂತ ಕೇಳಿ. ಕಳಿಸಲು ಹಿಂದೆಮುಂದೆ ನೋಡಿದರೆ ನಾನಂತೂ ಕೊಳ್ಳುವುದಿಲ್ಲ.