ಹಳೆಯ ಲ್ಯಾಪ್‌ಟಾಪ್: ಮೊದಲು ಬ್ಯಾಟರಿ, ಆಮೇಲೆ ಉಳಿದದ್ದು

ಹಳೆಯ ಲ್ಯಾಪ್‌ಟಾಪ್ ಬಿಚ್ಚಿ ಬಿಡಿಭಾಗಗಳನ್ನು ಉಳಿಸಿಕೊಳ್ಳಲು ಹೊರಟವರು ಸಾಮಾನ್ಯವಾಗಿ ಎಡವುವುದು ಒಂದೇ ಕಡೆ. ತಳದ ಮುಚ್ಚಳ ತೆಗೆದ ಕೂಡಲೇ, ಬ್ಯಾಟರಿಯ ಸಂಪರ್ಕ ಇನ್ನೂ ಮದರ್‌ಬೋರ್ಡಿಗೆ ಇರುವಾಗಲೇ, ಕಣ್ಣಿಗೆ ಬಿದ್ದ ಭಾಗಕ್ಕೆ ಕೈಹಾಕುತ್ತಾರೆ. ಸ್ಕ್ರೂಡ್ರೈವರ್ ತುದಿ ಜಾರಿ ಶಾರ್ಟ್ ಆದರೆ, ಉಳಿಸಿಕೊಳ್ಳಬೇಕೆಂದಿದ್ದ ಭಾಗವೇ ಸುಟ್ಟುಹೋಗಬಹುದು.

ಬಿಚ್ಚುವ ಮೊದಲು ಕಡತಗಳನ್ನು ಬೇರೆಡೆಗೆ ನಕಲು ಮಾಡಿಕೊಳ್ಳಿ. ಡ್ರೈವಿಗೆ ಗೂಢಲಿಪಿಯ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಚಾಲ್ತಿಯಲ್ಲಿದ್ದರೆ 48 ಅಂಕಿಗಳ ರಿಕವರಿ ಕೀಯನ್ನೂ ಬರೆದಿಟ್ಟುಕೊಳ್ಳಿ. ಅದಿಲ್ಲದೆ ಹೊರತೆಗೆದ ಡ್ರೈವ್ ಬೇರೆ ಕಂಪ್ಯೂಟರಿನಲ್ಲಿ ತೆರೆಯುವುದಿಲ್ಲ.

ಈಗ ಲ್ಯಾಪ್‌ಟಾಪನ್ನು ಪೂರ್ತಿ ಶಟ್‌ಡೌನ್ ಮಾಡಿ, ಚಾರ್ಜರ್ ಕಿತ್ತು, ಬೋರಲು ಹಾಕಿ ಸ್ಕ್ರೂಗಳನ್ನು ಬಿಚ್ಚಿ. ಎಲ್ಲ ಬಿಚ್ಚಿದರೂ ಮುಚ್ಚಳ ಏಳದಿದ್ದರೆ ಬಲ ಹಾಕಬೇಡಿ; ರಬ್ಬರ್ ಪಾದಗಳ ಅಡಿಯಲ್ಲಿ ಇನ್ನೊಂದೆರಡು ಸ್ಕ್ರೂ ಅಡಗಿರುವುದುಂಟು. ಅಂಚನ್ನು ಬಿಡಿಸಲು ಚಾಕುವಿಗಿಂತ ಹಳೆಯ ಪ್ಲಾಸ್ಟಿಕ್ ಕಾರ್ಡೇ ಮೇಲು.

ಮುಚ್ಚಳ ಬಂದ ಮೇಲೆ ಬ್ಯಾಟರಿಯಿಂದ ಹೊರಟ ತಂತಿಗಳು ಬೋರ್ಡಿಗೆ ಸೇರುವ ಜಾಗವನ್ನು ಹುಡುಕಿ. ಕನೆಕ್ಟರ್ ಕೆಲವು ಮಾದರಿಗಳಲ್ಲಿ ಪಕ್ಕಕ್ಕೆ ಜಾರುತ್ತದೆ, ಕೆಲವದರಲ್ಲಿ ಮೇಲಕ್ಕೆ ಏಳುತ್ತದೆ; ಯಾವುದೆಂದು ದೀಪದ ಬೆಳಕಿನಲ್ಲಿ ನೋಡಿ ತಿಳಿದ ಮೇಲೆಯೇ, ತಂತಿಯನ್ನು ಎಳೆಯದೆ, ಎರಡೂ ಬದಿಗೆ ಉಗುರು ಕೊಟ್ಟು ಸ್ವಲ್ಪ ಸ್ವಲ್ಪವೇ ಸರಿಸಿ. ಬಳಿಕ ಪವರ್ ಬಟನನ್ನು 20 ಸೆಕೆಂಡು ಒತ್ತಿ ಹಿಡಿದರೆ ಬೋರ್ಡಿನಲ್ಲಿ ಉಳಿದ ವಿದ್ಯುತ್ತೂ ಇಳಿಯುತ್ತದೆ. ಬ್ಯಾಟರಿ ಉಬ್ಬಿದ್ದರೆ ಅದನ್ನು ಒತ್ತುವುದಾಗಲಿ, ಲೋಹದ ಸಲಕರಣೆಯಿಂದ ಮೀಟುವುದಾಗಲಿ ಕೂಡದು. ಲಿಥಿಯಂ ಕೋಶ ತೂತಾದರೆ ಬೆಂಕಿ ಹತ್ತಬಹುದು. ಅಂಥದ್ದನ್ನು ರಿಪೇರಿಯವರಿಗೆ ಒಪ್ಪಿಸುವುದೇ ಸರಿ.

ರ‍್ಯಾಮ್ ತೆಗೆಯುವುದು ಕ್ಷಣದ ಕೆಲಸ: ಎರಡು ಬದಿಯ ಕೊಂಡಿಗಳನ್ನು ಹೊರಕ್ಕೆ ತಳ್ಳಿದರೆ ಅದು ತಾನೇ ಓರೆಯಾಗಿ ಏಳುತ್ತದೆ. ರ‍್ಯಾಮ್‌ನ ಎರಡು ಪೀಳಿಗೆಗಳಾದ ಡಿಡಿಆರ್3 ಮತ್ತು ಡಿಡಿಆರ್4 ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ.

2.5 ಇಂಚಿನ ಡ್ರೈವ್ ಆದರೆ ಯುಎಸ್‌ಬಿ ಕೇಸಿಗೆ ಹಾಕಿ ಬಳಸಬಹುದು. ತೆಳು ಪಟ್ಟಿಯಂತಿರುವ ಎಂ.2 ಎಸ್‌ಎಸ್‌ಡಿಯಲ್ಲಿ ಸಾಟಾ, ಎನ್‌ವಿಎಂಇ ಎಂಬ ಎರಡು ಬಗೆಗಳು ನೋಡಲು ಬಹುತೇಕ ಒಂದೇ ತೆರನಾಗಿರುವುದರಿಂದ, ಎರಡನ್ನೂ ಓದುವ ಕೇಸನ್ನೇ ಕೊಳ್ಳಿ. ಡ್ರೈವನ್ನು ಬೇರೆಯವರಿಗೆ ಕೊಡುವುದಾದರೆ ಫಾರ್ಮ್ಯಾಟ್ ಮಾಡಿದರಾಯಿತೆಂಬ ಅಡ್ಡದಾರಿ ಬೇಡ: ಹಾರ್ಡ್ ಡಿಸ್ಕ್ ಆದರೆ ಅದರ ಮೇಲೆ ಪೂರ್ತಿ ಹೊಸ ದತ್ತಾಂಶ ಬರೆಸಿ, ಎಸ್‌ಎಸ್‌ಡಿಗೆ ತಯಾರಕರ ಸೆಕ್ಯೂರ್ ಇರೇಸ್ ಸೌಲಭ್ಯ ಬಳಸಿ.

ಪರದೆಯನ್ನು ಮಾನಿಟರ್ ಮಾಡಿಕೊಳ್ಳುವ ಆಸೆಯಿದ್ದರೆ ಅದರ ಬೆನ್ನಿನ ಮೇಲಿರುವ ಮಾದರಿ ಸಂಖ್ಯೆಗೆ ಹೊಂದುವ, ಪರದೆಗೆ ಚಿತ್ರ ಕಳಿಸುವ ಕಂಟ್ರೋಲರ್ ಬೋರ್ಡನ್ನೇ ತರಿಸಿ. ಯಾವ ಪರದೆಗಾದರೂ ಆಗುತ್ತದೆಂದು ಅಗ್ಗಕ್ಕೆ ಮಾರುವ ಬೋರ್ಡುಗಳನ್ನು ನಂಬಬೇಡಿ. ಕೀಬೋರ್ಡ್ ಉಳಿಸಿಕೊಳ್ಳಲು ಪಡುವ ಶ್ರಮ ವ್ಯರ್ಥ. ಬ್ಯಾಟರಿಯ ಕನೆಕ್ಟರಿಗೆ ಟೇಪ್ ಸುತ್ತಿ, ಉಳಿದ ಚೌಕಟ್ಟಿನೊಳಗೆ ಸೇರಿಸದೆ ಬೇರೆಯಾಗಿಯೇ ಇ-ತ್ಯಾಜ್ಯ ಸಂಗ್ರಹಕ್ಕೆ ಕೊಡಿ.