ದೊಡ್ಡವರ ಕಾಮಿಕ್ಸ್‌ಗೆ ವಿಮರ್ಶೆ ಬರೆಯುವ ಬಗೆ

ಗ್ರಾಫಿಕ್ ಕಾದಂಬರಿಯ, ಅಂದರೆ ಕಾಮಿಕ್ಸ್ ರೂಪದಲ್ಲಿ ಕಥೆ ಹೇಳುವ ಪುಸ್ತಕದ ವಿಮರ್ಶೆ ಎಂದು ಬರುವ ಬರಹಗಳಲ್ಲಿ ಮುಕ್ಕಾಲು ಪಾಲು ಕಥೆಯ ಸಾರಾಂಶವೇ ಇರುತ್ತದೆ. ಕೊನೆಯ ಪ್ಯಾರಾದಲ್ಲಿ ‘ಚಿತ್ರಗಳೂ ಮನಸೆಳೆಯುತ್ತವೆ’ ಎಂದು ಒಂದು ಸಾಲು. ಆ ಪುಸ್ತಕದ ಪುಟ ನೋಡಲು ಹೇಗಿದೆ ಎಂಬುದೇ ಓದಿದವರಿಗೆ ಗೊತ್ತಾಗುವುದಿಲ್ಲ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯವರಿಗೆ ಈ ಕೆಲಸ ಕೈಗೆಟುಕದ್ದೇನಲ್ಲ. ನಾಟಕ ನೋಡಿ ಬಂದವರು ಕಥೆಯನ್ನು ಬಿಟ್ಟು ರಂಗಸಜ್ಜಿಕೆ, ಬೆಳಕು, ಪಾತ್ರಧಾರಿ ನಿಂತ ಜಾಗದ ಬಗ್ಗೆ ಗಂಟೆಗಟ್ಟಲೆ ಮಾತಾಡುವ ಊರುಗಳಿವು. ಆ ಕಣ್ಣನ್ನೇ ಪುಟದ ಮೇಲೆ ಇಟ್ಟರೆ ಅರ್ಧ ಕೆಲಸ ಆದಂತೆ.

ಮೊದಲಿಗೇ ಒಂದು ಮಾತು. ‘ಕಾಮಿಕ್ಸ್ ಎಂದರೆ ಮಕ್ಕಳದು ಎಂದುಕೊಳ್ಳಬೇಡಿ’ ಎಂಬ ಸಮರ್ಥನೆಯಿಂದ ವಿಮರ್ಶೆ ಶುರು ಮಾಡಬೇಡಿ. ಯಹೂದಿಗಳನ್ನು ಇಲಿಗಳಾಗಿ, ನಾಜಿಗಳನ್ನು ಬೆಕ್ಕುಗಳಾಗಿ ಚಿತ್ರಿಸಿದ ಆರ್ಟ್ ಸ್ಪೀಗಲ್‌ಮನ್ ಅವರ ‘ಮೌಸ್’ ಕೃತಿಗೆ 1992ರಲ್ಲೇ ಪುಲಿಟ್ಜರ್ ವಿಶೇಷ ಪ್ರಶಸ್ತಿ ಬಂದಾಗಿದೆ. ಆ ವಾದ ಮುಗಿದ ವಾದ. ನಿಮ್ಮ ಓದುಗರು ಈಗಾಗಲೇ ಅಭಿಮಾನಿಗಳು, ಅವರಿಗೆ ಬೇಕಾದದ್ದು ಈ ಪುಸ್ತಕದ ವಿಷಯ.

ಮೂರು ಸಲ ಓದಬೇಕು. ನೂರೈವತ್ತು ಪುಟದ ಗ್ರಾಫಿಕ್ ಕಾದಂಬರಿ ಒಂದು, ಒಂದೂವರೆ ಗಂಟೆಯಲ್ಲಿ ಮುಗಿದುಹೋಗುತ್ತದೆ. ಮೋಸ ಆಗುವುದೂ ಅಲ್ಲೇ. ಕಣ್ಣು ಮಾತಿನ ಗುಳ್ಳೆಯಿಂದ ಗುಳ್ಳೆಗೆ ಹಾರಿಕೊಂಡು ಹೋಗಿ ಚಿತ್ರವನ್ನು ಮೇಲುಮೇಲಷ್ಟೇ ಸವರಿರುತ್ತದೆ. ಮೊದಲ ಓದು ಒಂದೇ ಕೂತಿಗೆ ಆಗಲಿ. ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳಬೇಕಾದದ್ದು ಪುಟಸಂಖ್ಯೆ ಮಾತ್ರ: ಎಲ್ಲಿ ನಿಂತಿರಿ, ಎಲ್ಲಿ ಅರ್ಥವಾಗದೆ ಹಿಂದಿನ ಪುಟಕ್ಕೆ ಹೋದಿರಿ, ಎಲ್ಲಿ ಪುಟ ಮಗುಚಲು ಅವಸರವಾಯಿತು. ಕಾರಣ ಈಗಲೇ ಬೇಡ.

ಎರಡನೆಯ ಓದಿಗೆ ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದದ ಎರಡು ತುಂಡು ಸಾಕು. ಮಾತಿನ ಗುಳ್ಳೆಗಳನ್ನು ಮುಚ್ಚಿಕೊಂಡು ಬರೀ ಚಿತ್ರ ನೋಡಿ. ಯಾರು, ಎಲ್ಲಿ, ಯಾವ ಹೊತ್ತು, ಇಬ್ಬರ ನಡುವೆ ಏನು ನಡೆಯುತ್ತಿದೆ ಎಂಬುದು ತಿಳಿಯುತ್ತದೆಯೇ? ಒಂದೇ ಪಾತ್ರದ ಮುಖ ನಾಲ್ಕು ಪುಟ ಕಳೆದ ಮೇಲೂ ಗುರುತು ಸಿಗುತ್ತದೆಯೇ? ಆಮೇಲೆ ಚಿತ್ರ ಬಿಟ್ಟು ಮಾತನ್ನಷ್ಟೇ ಓದಿ. ಮಾತಿನಿಂದಲೇ ಕಥೆ ಪೂರ್ತಿ ಸಿಕ್ಕಿಬಿಟ್ಟರೆ ಅಲ್ಲಿ ಚಿತ್ರಕ್ಕೆ ಕೆಲಸವಿಲ್ಲ ಎಂದು ಅರ್ಥ. ಹೊಸ ಪುಸ್ತಕಗಳ ದೊಡ್ಡ ಕೊರತೆ ಇದು: ಮಳೆಯಲ್ಲಿ ಓಡುತ್ತಿರುವವನ ಚಿತ್ರದ ಮೇಲೆ ‘ಅವನು ಮಳೆಯಲ್ಲಿ ಓಡುತ್ತಿದ್ದ’ ಎಂಬ ನಿರೂಪಣೆಯ ಪಟ್ಟಿ. ಅನುಮಾನ ಬಂದ ಪುಟವನ್ನು ತಲೆಕೆಳಗೆ ಮಾಡಿ ನೋಡುವುದೂ ಒಳ್ಳೆಯದು. ಕಥೆ ಮರೆಯಾಗಿ ಕಪ್ಪು-ಬಿಳುಪಿನ ತೂಕವಷ್ಟೇ ಉಳಿಯುತ್ತದೆ. ಕಣ್ಣು ಎಲ್ಲಿ ಮೊದಲು ಬೀಳುತ್ತದೆ ಎಂಬುದು ಆಗ ಸ್ಪಷ್ಟ.

ಮೂರನೆಯದು ಲೆಕ್ಕದ ಓದು. ಬೇರೆ ಬೇರೆ ಕಡೆಯಿಂದ ಹತ್ತು ಪುಟ ಆರಿಸಿ ಪುಟಕ್ಕೆ ಎಷ್ಟು ಚೌಕಟ್ಟು (ಒಂದೊಂದು ಚಿತ್ರದ ಮನೆ) ಎಂದು ಎಣಿಸಿ. 1986–87ರಲ್ಲಿ 12 ಸಂಚಿಕೆಗಳಾಗಿ ಬಂದ ‘ವಾಚ್‌ಮೆನ್’ ಕಾಮಿಕ್ಸ್‌ನ ಪುಟಗಳ ತಳಹದಿ ಮೂರು ಸಾಲು, ಸಾಲಿಗೆ ಮೂರು, ಒಟ್ಟು ಒಂಬತ್ತು ಚೌಕಟ್ಟು. ಲಯ ಹಾಗೆ ಗಟ್ಟಿಯಾಗಿ ಕೂತಿರುವುದರಿಂದಲೇ ಚೌಕಟ್ಟು ದೊಡ್ಡದಾದಾಗ ಓದುಗನಿಗೆ ಪೆಟ್ಟು ತಗಲುತ್ತದೆ. ನಿಮ್ಮ ಕೈಯ ಪುಸ್ತಕದಲ್ಲಿ ಪ್ರತಿ ಪುಟವೂ ಬೇರೆ ಆಕಾರದ್ದಾಗಿದ್ದರೆ ಯಾವ ಬದಲಾವಣೆಗೂ ಬೆಲೆ ಉಳಿಯುವುದಿಲ್ಲ. ಬಲಪುಟದ ಕೊನೆಯ ಚೌಕಟ್ಟನ್ನೂ ನೋಡಿ. ಪುಟ ಮಗುಚಿದ ಮೇಲೆ ಸಿಗಬೇಕಾದ ಅಚ್ಚರಿ ಎದುರುಪುಟದಲ್ಲೇ ಕಾಣಿಸಿಬಿಟ್ಟರೆ ಯೋಜನೆ ತಪ್ಪಿದೆ. ಜಪಾನಿನ ಕಾಮಿಕ್ಸ್ ಆದ ಮಂಗಾ ಬಲದಿಂದ ಎಡಕ್ಕೆ ಓದುವ ಪುಸ್ತಕ, ಅಲ್ಲಿ ಈ ಲೆಕ್ಕ ಎಡಪುಟಕ್ಕೆ ಹೋಗುತ್ತದೆ.

ಚೌಕಟ್ಟುಗಳ ನಡುವಿನ ಬಿಳಿ ಸಂದಿಯ ಬಗ್ಗೆ ಬರೆಯದೆ ಕಾಮಿಕ್ಸ್ ವಿಮರ್ಶೆ ಪೂರ್ತಿಯಾಗದು. ಕಾಮಿಕ್ಸ್ ಕಲಾವಿದ ಸ್ಕಾಟ್ ಮೆಕ್ಲೌಡ್ 1993ರಲ್ಲಿ ಒಂದು ಚೌಕಟ್ಟಿನಿಂದ ಮುಂದಿನದಕ್ಕೆ ದಾಟುವುದನ್ನು ಆರು ಬಗೆಯಾಗಿ ವಿಂಗಡಿಸಿದರು: ಕ್ಷಣದಿಂದ ಕ್ಷಣಕ್ಕೆ, ಕ್ರಿಯೆಯಿಂದ ಕ್ರಿಯೆಗೆ, ಒಬ್ಬರಿಂದ ಇನ್ನೊಬ್ಬರಿಗೆ, ದೃಶ್ಯದಿಂದ ದೃಶ್ಯಕ್ಕೆ, ಒಂದೇ ಜಾಗದ ಒಂದು ಮುಖದಿಂದ ಇನ್ನೊಂದು ಮುಖಕ್ಕೆ, ಸಂಬಂಧವೇ ಇಲ್ಲದ್ದರಿಂದ ಸಂಬಂಧವಿಲ್ಲದ್ದಕ್ಕೆ. ಹೆಸರುಗಳನ್ನು ವಿಮರ್ಶೆಯಲ್ಲಿ ಉರು ಹೊಡೆಯಬೇಕಿಲ್ಲ, ಆದರೆ ಕಣ್ಣಿಗೆ ಇವು ಬೇಕು. ಒಂದು ಪುಟ ಕಲ್ಪಿಸಿಕೊಳ್ಳಿ. ಅಡಿಕೆ ಹರವಿದ ಅಂಗಳ. ಮೊದಲ ಚೌಕಟ್ಟಿನಲ್ಲಿ ಮುದುಕಿ ಆಕಾಶ ನೋಡುತ್ತಾಳೆ. ಎರಡನೆಯದರಲ್ಲಿ ಹೆಂಚಿನ ಅಂಚು. ಮೂರನೆಯದರಲ್ಲಿ ಕಟ್ಟಿದ ನಾಯಿ ಎದ್ದು ನಿಂತಿದೆ. ನಾಲ್ಕನೆಯದರಲ್ಲಿ ಅಡಿಕೆಯ ಮೇಲೆ ಒಂದೇ ಒಂದು ಒದ್ದೆ ಚುಕ್ಕೆ. ಐದನೆಯದು ಅಗಲವಾದ ಚೌಕಟ್ಟು: ಅಂಗಳ ಖಾಲಿ, ಮಳೆ ಧೋ ಎನ್ನುತ್ತಿದೆ.

ಇದಕ್ಕೆ ‘ಮಲೆನಾಡಿನ ಅಕಾಲ ಮಳೆಯನ್ನು ಸೊಗಸಾಗಿ ಚಿತ್ರಿಸಿದ್ದಾರೆ’ ಎಂದು ಬರೆದರೆ ಏನೂ ಹೇಳಿದಂತಾಗಲಿಲ್ಲ. ಹೀಗೆ ಬರೆಯಿರಿ: ‘ಮೊದಲ ನಾಲ್ಕು ಚೌಕಟ್ಟಿನಲ್ಲಿ ಹೊತ್ತು ಸರಿಯುವುದೇ ಇಲ್ಲ, ಒಂದೇ ಅಂಗಳದ ನಾಲ್ಕು ಮೂಲೆ ಕಾಣುತ್ತದೆ. ನಾಲ್ಕರಿಂದ ಐದಕ್ಕೆ ದಾಟುವಾಗ ಇಡೀ ಮನೆ ಓಡಿಬಂದು ಅಡಿಕೆ ಬಾಚಿದ್ದನ್ನು ಚಿತ್ರಕಾರ ಬಿಟ್ಟಿದ್ದಾನೆ. ಆ ಗಡಿಬಿಡಿ ಓದುಗನ ತಲೆಯಲ್ಲಿ ನಡೆಯುತ್ತದೆ.’ ಈಗ ಪುಟ ನೋಡದವರಿಗೂ ಪುಟ ಕಂಡಿತು, ನಿಮ್ಮ ಮೆಚ್ಚುಗೆಗೆ ಕಾರಣವೂ ಸಿಕ್ಕಿತು. ಪ್ರತಿ ವಿಮರ್ಶೆಯಲ್ಲೂ ಕನಿಷ್ಠ ಒಂದು ಪುಟವನ್ನು ಇಷ್ಟು ಬಿಡಿಸಿ ಹೇಳಲೇಬೇಕು. ಪುಟದ ಆಯ್ಕೆಗೆ ಮೊದಲ ಓದಿನಲ್ಲಿ ಗುರುತು ಮಾಡಿದ ಸಂಖ್ಯೆಗಳೇ ದಾರಿ ತೋರಿಸುತ್ತವೆ.

ಗೆರೆಯ ಬಗ್ಗೆ ಮಾತಾಡಲು ಶಬ್ದ ಸಿಗುವುದಿಲ್ಲ ಎನ್ನುವವರು ಸಾಗರ ಸೀಮೆಯ ದೀವರ ಸಮುದಾಯದ ಮನೆಗಳ ಗೋಡೆಯ ಹಸೆ ಚಿತ್ತಾರದ ಮುಂದೆ ಹತ್ತು ನಿಮಿಷ ನಿಲ್ಲಬೇಕು. ಕೆಮ್ಮಣ್ಣಿನ ಕೆಂಪು ನೆಲದ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಎಳೆ, ಪುಂಡಿ ನಾರಿನ ಕುಂಚ. ಕುಂಚ ನಾರಿನದ್ದಾದ್ದರಿಂದ ಎಳೆ ಹೀಗೆ ಬಂತು ಎಂದು ಅಲ್ಲಿ ತಟ್ಟನೆ ಹೇಳಬಹುದು. ಪುಸ್ತಕದಲ್ಲೂ ಅದೇ ಪ್ರಶ್ನೆ: ಗೆರೆ ಕುಂಚದ್ದೋ, ನಿಬ್ಬಿನದ್ದೋ, ಟ್ಯಾಬ್ಲೆಟ್ಟಿನದ್ದೋ? ದಪ್ಪ-ಸಣ್ಣ ಆಗುತ್ತದೆಯೋ, ಒಂದೇ ಸಮವೋ? ಹತ್ತಿರದ ವಸ್ತುವಿಗೂ ದೂರದ್ದಕ್ಕೂ ಒಂದೇ ದಪ್ಪ ಇದ್ದರೆ ಚಿತ್ರ ಚಪ್ಪಟೆಯಾಗುತ್ತದೆ, ಕೆಲವರು ಬೇಕೆಂದೇ ಹಾಗೆ ಮಾಡುತ್ತಾರೆ. ಪಾಶ್ಚಾತ್ಯ ಅಳತೆಗೋಲನ್ನು ಎಲ್ಲದಕ್ಕೂ ಹಿಡಿಯಲೂ ಬಾರದು. ಅಂಬೇಡ್ಕರ್ ಬದುಕಿನ ‘ಭೀಮಾಯಣ’ವನ್ನು (2011) ಚಿತ್ರಿಸಿದ ಗೊಂಡ ಕಲಾವಿದರಾದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ಆಯತಾಕಾರದ ಚೌಕಟ್ಟುಗಳನ್ನೇ ಒಲ್ಲೆ ಎಂದರು. ಮೆದು ಮಾತಿನ ಗುಳ್ಳೆ ಹಕ್ಕಿಯ ಆಕಾರದಲ್ಲಿದೆ, ವಿಷದ ಮಾತಿಗೆ ಚೇಳಿನ ಬಾಲವಿದೆ. ಅಂಥ ಪುಸ್ತಕಕ್ಕೆ ‘ಚೌಕಟ್ಟಿನ ಜೋಡಣೆ ಸಡಿಲ’ ಎಂದು ಬರೆದರೆ ತಪ್ಪು ವಿಮರ್ಶಕನದ್ದು.

ಕನ್ನಡಕ್ಕೆ ಅನುವಾದವಾದ ಕಾಮಿಕ್ಸ್ ಕೈಗೆ ಬಂದರೆ ಅರ್ಧ ವಿಮರ್ಶೆ ಅಕ್ಷರದ ಮೇಲೇ ನಿಲ್ಲಬೇಕು. ಇಲ್ಲಿ ಕನ್ನಡದ ಓದುಗ ಹೇಳದಿದ್ದರೆ ಇನ್ಯಾರೂ ಹೇಳುವುದಿಲ್ಲ.

ಗುಳ್ಳೆಯ ಅಳತೆ ಮೂಲ ಭಾಷೆಯದ್ದು. ಇಂಗ್ಲಿಷಿನಲ್ಲಿ ನಾಲ್ಕು ಚಿಕ್ಕ ಪದ ಬೇಕಾಗುವ ಕಡೆ ನಮ್ಮಲ್ಲಿ ‘ಹೋಗಬೇಕಾಗಿತ್ತಂತೆ’ ಎಂಬ ಒಂದೇ ಉದ್ದ ಪದ ಬರುತ್ತದೆ, ಅದನ್ನು ಎಲ್ಲಿ ಮುರಿಯುವುದು? ಮಂಗಾ ಇನ್ನೂ ಕಷ್ಟ. ಜಪಾನಿ ಬರಹ ಮೇಲಿಂದ ಕೆಳಗೆ ಇಳಿಯುವುದರಿಂದ ಗುಳ್ಳೆ ಎತ್ತರವಾಗಿ, ಕಿರಿದಾಗಿ ಇರುತ್ತದೆ, ಕನ್ನಡಕ್ಕೆ ಬೇಕಾದದ್ದು ಅಡ್ಡಗಲ. ಜಾಗ ಸಾಲದೆ ಅಕ್ಷರ ಕಿರಿದು ಮಾಡಿದರೆ ‘ರಾಷ್ಟ್ರ’ದಂಥ ಪದದ ಒತ್ತಕ್ಷರ ಕೆಳಸಾಲಿನ ತಲೆಕಟ್ಟಿಗೆ, ಗುಡಿಸಿಗೆ ತಾಗುತ್ತದೆ. ಹೀಗೆ ತಾಗಿರುವ ಪುಟಗಳನ್ನು ಎಣಿಸಿ ಸಂಖ್ಯೆ ಕೊಡಿ. ‘ಅಚ್ಚುಕಟ್ಟಿಲ್ಲ’ ಎಂಬ ದೂರಿಗಿಂತ ‘ಹನ್ನೊಂದು ಪುಟಗಳಲ್ಲಿ ಒತ್ತಕ್ಷರ ಕೆಳಸಾಲಿಗೆ ತಾಗಿದೆ’ ಎಂಬ ಮಾತು ಪ್ರಕಾಶಕರಿಗೂ ಉಪಯೋಗಕ್ಕೆ ಬರುತ್ತದೆ.

ಒತ್ತು ಕೊಡುವ ಬಗೆ ನೋಡಿ. ಇಂಗ್ಲಿಷ್ ಕಾಮಿಕ್ಸ್ ಒತ್ತಿ ಹೇಳುವ ಪದವನ್ನು ದಪ್ಪ, ಓರೆ ಅಕ್ಷರದಲ್ಲಿ ಇಡುತ್ತದೆ. ಕನ್ನಡಕ್ಕೆ ‘ಅವನೇ’, ‘ಅವನೂ’, ‘ಅವನಂತೂ’ ಇವೆ. ಇವನ್ನು ಬಿಟ್ಟು ಮೂಲದಲ್ಲಿದ್ದ ಕಡೆಯಲ್ಲೆಲ್ಲ ಅಕ್ಷರ ದಪ್ಪ ಮಾಡಿದ್ದರೆ ಅನುವಾದ ಯಾಂತ್ರಿಕ ಎಂದು ಅಲ್ಲೇ ತಿಳಿಯುತ್ತದೆ. ಕ್ರಿಯಾಪದದ ಜಾಗವೂ ತೊಂದರೆ ಕೊಡುತ್ತದೆ. ಮೂಲದಲ್ಲಿ ‘ಕೊಂದವನು ನಾನು’ ಎಂಬುದು ಮೊದಲ ಚೌಕಟ್ಟಿಗೆ, ಯಾರನ್ನು ಎಂಬುದು ಎರಡನೆಯದಕ್ಕೆ ಬಂದು, ಆ ಹೆಸರು ಕೇಳಿದವಳ ಮುಖ ಎರಡನೆಯದರಲ್ಲಿ ಬಿಳಿಚಿಕೊಂಡಿದೆ ಎನ್ನಿ. ಕನ್ನಡದ ಸಹಜ ಕ್ರಮದಲ್ಲಿ ಹೆಸರು ಮೊದಲೇ ಬಂದುಬಿಡುತ್ತದೆ, ಮುಖ ಬಿಳಿಚುವ ಹೊತ್ತಿಗೆ ಮಾತು ತಣ್ಣಗಾಗಿರುತ್ತದೆ. ‘ನಾನೇ ಕೊಂದದ್ದು... ನಿನ್ನ ಅಣ್ಣನನ್ನು’ ಎಂದು ತಿರುಗಿಸಿ ಹೇಳುವ ಜಾಣ್ಮೆ ಒಳ್ಳೆಯ ಅನುವಾದಕರಿಗೆ ಇರುತ್ತದೆ. ಇಲ್ಲಿ ‘ಅಣ್ಣ’ನೋ ‘ತಮ್ಮ’ನೋ ಎಂಬುದನ್ನು ಇಂಗ್ಲಿಷ್ ಮೂಲದ ‘ಬ್ರದರ್’ ಹೇಳಿರುವುದಿಲ್ಲ, ಅನುವಾದಕರು ಆರಿಸಬೇಕು. ಮುಂದಿನ ಬಾಲ್ಯದ ದೃಶ್ಯದಲ್ಲಿ ಅವನು ಚಿಕ್ಕವನಾಗಿ ಕಂಡರೆ ತಪ್ಪು ಹಿಡಿದಿಡಿ. ನೀನು-ನೀವು ಕೂಡ ಹಾಗೆಯೇ: ಮೂವತ್ತನೇ ಪುಟದಲ್ಲಿ ‘ನೀವು’ ಎಂದವಳು ಅರವತ್ತರಲ್ಲಿ ‘ನೀನು’ ಅಂದರೆ ನಡುವೆ ಏನಾದರೂ ನಡೆದಿರಬೇಕು, ಇಲ್ಲವೇ ಅನುವಾದಕರು ಮರೆತಿರಬೇಕು.

ಸದ್ದಿನ ಪದಗಳಲ್ಲಿ ಕನ್ನಡದಷ್ಟು ಸಿರಿ ಸಿಗುವುದು ಅಪರೂಪ. ಜಿಟಿಜಿಟಿ, ರಪರಪ, ಧೋ ಎಂದು ಮಳೆಯ ಮೂರು ಅವಸ್ಥೆಯನ್ನು ಮೂರು ಪದ ಹೇಳುತ್ತವೆ, ಮಲೆನಾಡಿನ ಕಿವಿಗೆ ಅವು ಬೇರೆ ಬೇರೆ ದಿನಗಳು. ಇಷ್ಟಿದ್ದೂ ‘ಕ್ರ್ಯಾಶ್’, ‘ಬೂಮ್’ ಎಂದು ಕನ್ನಡ ಲಿಪಿಯಲ್ಲಿ ಬಿಟ್ಟಿದ್ದರೆ ಹೇಳಿ. ಸದ್ದು ಚಿತ್ರದ ಭಾಗವಾದ್ದರಿಂದ ಅದನ್ನು ಮತ್ತೆ ಕೈಯಲ್ಲಿ ಬರೆಸಿದ್ದಾರೋ, ಮೂಲವನ್ನು ಹಾಗೇ ಉಳಿಸಿ ಪಕ್ಕದಲ್ಲಿ ಸಣ್ಣಗೆ ಕನ್ನಡ ಹಾಕಿದ್ದಾರೋ, ಫಾಂಟು ಅಂಟಿಸಿದ್ದಾರೋ ಎಂಬುದನ್ನೂ ತಿಳಿಸಿ.

ಬಣ್ಣ ನೋಡುವುದಕ್ಕೆ ಬೆಳಕು ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮನೆಗಳ ಒಳಗೆ ಹಗಲಲ್ಲೂ ಮಬ್ಬು. ಹಳದಿ ಬಲ್ಬಿನ ಕೆಳಗೆ ನೀಲಿ ಸತ್ತು ಕಾಣುತ್ತದೆ, ಬಿಳಿ ಎಲ್‌ಇಡಿ ಕೆಳಗೆ ಚರ್ಮದ ಬಣ್ಣ ಬಿಳಿಚುತ್ತದೆ. ‘ಬಣ್ಣ ಮಂಕು’ ಎಂದು ಬರೆಯುವ ಮೊದಲು ಮಧ್ಯಾಹ್ನದ ಹೊತ್ತು ಕಿಟಕಿಯ ಪಕ್ಕ ಅದೇ ಪುಟ ಇನ್ನೊಮ್ಮೆ ನೋಡಿ. ಮೋಡದ ಬೆಳಕು ಫೋಟೋಗಂತೂ ಬಲು ಒಳ್ಳೆಯದು, ಆರ್ಟ್ ಪೇಪರ್ ಮೇಲೆ ಹೊಳಪು ಹೊಡೆಯುವುದಿಲ್ಲ. ಫ್ಲ್ಯಾಶ್ ಬೇಡ.

ಥಂಡಿಯ ಲೆಕ್ಕವನ್ನು ಪುಸ್ತಕದ ತಲೆಗೆ ಕಟ್ಟಬೇಡಿ. ಪುಟ ಅಲೆಅಲೆಯಾಗಿದ್ದರೆ ಕಪಾಟಿನ ಬೇರೆ ಪುಸ್ತಕಗಳೂ ಹಾಗಾಗಿವೆಯೇ ನೋಡಿ, ಆಗಿದ್ದರೆ ಅದು ಮಳೆಗಾಲದ ಕೆಲಸ. ಅಂಟು ಬೈಂಡಿಂಗಿನ ದೋಷ ಬೇರೆ: ಪುಸ್ತಕ ಪೂರ್ತಿ ತೆರೆದರೆ ಬೆನ್ನು ಲಟಕ್ಕೆಂದು ಸೀಳುತ್ತದೆ, ಇಲ್ಲವೇ ಎರಡು ಪುಟಕ್ಕೆ ಹರಡಿದ ಚಿತ್ರದ ನಡುಭಾಗ ಮಡಿಕೆಯೊಳಗೆ ನುಂಗಿಹೋಗಿರುತ್ತದೆ. ನುಣುಪು ಕಾಗದದ ಪುಟಗಳು ಒಂದಕ್ಕೊಂದು ಅಂಟಿದ್ದರೆ ಎಳೆಯಬೇಡಿ, ಮಸಿ ಕಿತ್ತು ಬರುತ್ತದೆ. ಪುಸ್ತಕ ನಿಲ್ಲಿಸಿ ಫ್ಯಾನಿನ ಗಾಳಿಗೆ ಬಿಡಿ, ಬಿಸಿಲಿಗೆ ಬೇಡ. ಬೂಷ್ಟು ಹಿಡಿದದ್ದನ್ನು ಬೇರೆ ಪುಸ್ತಕಗಳ ಜೊತೆ ಇಡಬೇಡಿ.

ಪ್ರಕಾಶಕರು ಪಿಡಿಎಫ್ ಕಳಿಸಿದರೆ ಫೋನಿನಲ್ಲಿ ಓದಿ ಬರೆಯಬೇಡಿ. ಒಂದೊಂದೇ ಚೌಕಟ್ಟು ತೋರಿಸುವ ಆ್ಯಪ್‌ನಲ್ಲಿ ಪುಟದ ಕಟ್ಟೋಣವೇ ಕಾಣುವುದಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಎರಡು ಪುಟ ಅಕ್ಕಪಕ್ಕ ಇಟ್ಟು ಓದಿ, ಮುಖಪುಟ ಒಂಟಿಯಾಗಿ ನಿಲ್ಲುವಂತೆ ಹೊಂದಿಸಿ. ಇಲ್ಲದಿದ್ದರೆ ಎಡ-ಬಲ ತಪ್ಪಿ ಇಡೀ ಪುಸ್ತಕ ಒಂದು ಪುಟ ಸರಿದುಹೋಗುತ್ತದೆ. ಅಚ್ಚಿನ ಬಗ್ಗೆ ಆಗ ಏನೂ ಹೇಳದಿರುವುದೇ ಸರಿ, ಓದಿದ್ದು ಪಿಡಿಎಫ್ ಎಂದು ತಿಳಿಸಿಬಿಡಿ.

ಬರೆಯಲು ಕೂತಾಗ ಏಳುನೂರು ಪದ ಇಟ್ಟುಕೊಂಡರೆ ಕಥೆಗೆ ನೂರಿಪ್ಪತ್ತು ಮೀರಬಾರದು, ಅದೂ ಪುಸ್ತಕದ ಮೊದಲ ಕಾಲುಭಾಗದ ಕಥೆ. ವಿಮರ್ಶೆಯ ತಲೆಯಲ್ಲೇ ಹೆಸರುಗಳು ಬರಲಿ: ಬರೆದವರು, ಚಿತ್ರಿಸಿದವರು, ಪೆನ್ಸಿಲ್ ಗೆರೆಯ ಮೇಲೆ ಇಂಕ್ ಮಾಡಿದವರು, ಬಣ್ಣ ಹಾಕಿದವರು, ಅಕ್ಷರ ಕೂರಿಸಿದವರು, ಅನುವಾದಿಸಿದವರು. ಬಣ್ಣ ಹೊಗಳಿ ಹೆಸರು ಲೇಖಕರದ್ದು ಹಾಕುವುದು ಅನ್ಯಾಯ. ಪುಟಗಳೆಷ್ಟು, ಬಣ್ಣದ್ದೋ ಕಪ್ಪು-ಬಿಳುಪೋ, ಅಳತೆ, ಬೆಲೆ ಇವೂ ಬೇಕು, ಸಾವಿರ ರೂಪಾಯಿ ಕೊಡುವವರಿಗೆ ಇದು ಚಿಕ್ಕ ವಿಷಯವಲ್ಲ.

ಹಿಂಸೆ, ಲೈಂಗಿಕತೆ ಇದ್ದರೆ ‘ವಯಸ್ಕರಿಗೆ ಮಾತ್ರ’ ಎಂಬ ಮೊಹರು ಸಾಲದು. ಬೆತ್ತಲೆ ಚಿತ್ರ ಇದೆಯೋ, ಅತ್ಯಾಚಾರದ ದೃಶ್ಯ ನೇರವಾಗಿದೆಯೋ ಸೂಚನೆಯಾಗಿದೆಯೋ, ಆತ್ಮಹತ್ಯೆ ಇದೆಯೋ ಸ್ಪಷ್ಟವಾಗಿ ಹೇಳಿ. ಕಾಮಿಕ್ಸ್‌ನಲ್ಲಿ ಕಣ್ಣು ಬೇಡವೆಂದರೂ ಚಿತ್ರ ಮೊದಲೇ ಕಂಡುಬಿಡುತ್ತದೆ, ಹಾಗಾಗಿ ಓದುಗರಿಗೆ ಮುನ್ಸೂಚನೆ ಹೆಚ್ಚು ಬೇಕು. ಮನೆಯಲ್ಲಿ ಮಕ್ಕಳಿದ್ದರೆ ಯಾವ ಕಪಾಟಿನಲ್ಲಿ ಇಡಬೇಕು ಎಂಬುದೂ ಅದರಿಂದಲೇ ತೀರ್ಮಾನವಾಗುತ್ತದೆ.

ಚಿತ್ರ ಬಳಸುವ ಬಗ್ಗೆ: 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ವಿಮರ್ಶೆಗಾಗಿ ನ್ಯಾಯಯುತ ಬಳಕೆಗೆ ಅವಕಾಶ ಕೊಡುತ್ತದೆ. ನೀವು ಬಿಡಿಸಿ ಹೇಳುವ ಒಂದು ಪುಟ, ಜೊತೆಗೆ ಎರಡು ಚೌಕಟ್ಟು, ಕೆಳಗೆ ಕಲಾವಿದರ ಮತ್ತು ಪ್ರಕಾಶಕರ ಹೆಸರು ಸಾಕು. ಬರಹದಲ್ಲಿ ಉಲ್ಲೇಖವೇ ಇಲ್ಲದ ಹತ್ತು ಪುಟ ಹಾಕಿದರೆ ಅದು ವಿಮರ್ಶೆಯ ಬಳಕೆ ಎನಿಸಿಕೊಳ್ಳದು. ಕೊನೆಯ ಪುಟವನ್ನಂತೂ ಎಂದೂ ಹಾಕಬೇಡಿ.

ಸರಣಿಯ ಮೊದಲ ಸಂಚಿಕೆಯಾದರೆ ತೀರ್ಪು ಹಗುರವಾಗಿರಲಿ. ಅಮೆರಿಕದ ಮಾಸಿಕ ಸಂಚಿಕೆಯಲ್ಲಿ ಕಥೆಗೆ ಸಿಗುವುದು ಸುಮಾರು 20ರಿಂದ 22 ಪುಟ. ಅಷ್ಟರಲ್ಲಿ ಪಾತ್ರ ಬೆಳೆದಿಲ್ಲ ಎಂದು ದೂರುವುದು ಸಲ್ಲ. ಮುಂದಿನದನ್ನು ಓದಲು ಕಾರಣ ಹುಟ್ಟಿಸಿತೇ, ಚಿತ್ರಕಾರರು ಪ್ರತಿ ತಿಂಗಳು ಈ ಮಟ್ಟ ಉಳಿಸಿಕೊಳ್ಳುವಂತಿದೆಯೇ, ಕೊನೆಯ ಐದು ಪುಟಗಳಲ್ಲಿ ಹಿನ್ನೆಲೆ ಬರಿದಾಗಿ ಅವಸರ ಕಾಣುತ್ತದೆಯೇ ಎಂದು ನೋಡಿ. ನಿಮ್ಮ ಟಿಪ್ಪಣಿ, ಪುಟಸಂಖ್ಯೆಗಳ ಚೀಟಿಯನ್ನು ಅದೇ ಸಂಚಿಕೆಯೊಳಗೆ ಮಡಚಿಡಿ. ಎರಡನೆಯದು ಬಂದ ದಿನ ಮೊದಲು ಆ ಚೀಟಿ ಓದಿ, ನಿಮ್ಮ ಊಹೆ ಎಲ್ಲಿ ತಪ್ಪಿತ್ತು ಎಂಬುದನ್ನು ಹೊಸ ವಿಮರ್ಶೆಯ ಮೊದಲ ಪ್ಯಾರಾದಲ್ಲೇ ಬರೆಯಿರಿ.