ಲೆಕ್ಕದ ಹೊತ್ತಿನಲ್ಲಿ ಲೆಕ್ಕವೊಂದೇ

ಪ್ರತಿ ತಿಂಗಳು 20ರೊಳಗೆ ಜಿಎಸ್‌ಟಿಆರ್-3ಬಿ (ಜಿಎಸ್‌ಟಿ ತೆರಿಗೆಯ ಮಾಸಿಕ ಲೆಕ್ಕಪತ್ರ) ಸಲ್ಲಿಸಬೇಕಾದ ನನಗೆ, ಖರೀದಿ ಬಿಲ್ಲುಗಳನ್ನು ತಾಳೆ ನೋಡುವಾಗ ನಡುವೆ ವಾಟ್ಸ್‌ಆ್ಯಪ್‌ಗೆ ಉತ್ತರಿಸಿ ಮರಳಿದರೆ, ಯಾವ ಸಾಲಿನಲ್ಲಿದ್ದೆನೆಂಬುದೇ ಮರೆತು ಮೊದಲಿನಿಂದ ಕೂಡಬೇಕಾಗುತ್ತಿತ್ತು. ಸಂಶೋಧಕಿ ಸೋಫಿ ಲೆರಾಯ್ 2009ರಲ್ಲಿ ತೋರಿಸಿದಂತೆ, ಅರ್ಧಕ್ಕೆ ಬಿಟ್ಟ ಕೆಲಸದ ಮೇಲಿನ ಗಮನದ ಒಂದು ಪಾಲು, ಮುಂದಿನ ಕೆಲಸ ಹಿಡಿದ ಮೇಲೂ ಅಲ್ಲಿಯೇ ಉಳಿದಿರುತ್ತದೆ. ಆದ್ದರಿಂದ ಈಗ ಫೋನನ್ನು ಒಳಕೋಣೆಯಲ್ಲಿಟ್ಟು (ಸೈಲೆಂಟ್ ಮಾಡಿ ಮೇಜಿನ ಮೇಲಿಟ್ಟರೆ ಕೈ ತಾನಾಗಿ ಅತ್ತ ಹೋಗುತ್ತದೆ), ಅಡುಗೆಮನೆಯ ಟೈಮರನ್ನು 25 ನಿಮಿಷಕ್ಕೆ ತಿರುಗಿಸಿ ಬಿಲ್ಲುಗಳನ್ನಷ್ಟೇ ನೋಡುತ್ತೇನೆ. ನಡುವೆ ಕರೆಂಟ್ ಬಿಲ್ ಕಟ್ಟುವುದು ನೆನಪಾದರೆ ಪಕ್ಕದ ಚೀಟಿಯಲ್ಲಿ ಗುರುತು ಹಾಕಿ ಮುಂದುವರಿಯುತ್ತೇನೆ. ಏಳಲೇಬೇಕಾದರೆ, ನಿಲ್ಲಿಸಿದ ಬಿಲ್ಲಿನ ಸಂಖ್ಯೆಯನ್ನು ಪೆನ್ಸಿಲ್ಲಿನಿಂದ ಬರೆದಿಟ್ಟೇ ಏಳಿರಿ. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರಿಗೆ ಇದು ಆಗುವ ಮಾತಲ್ಲ. ಅವರು ಅಂಗಡಿ ಬಾಗಿಲು ತೆರೆಯುವ ಮುಂಚಿನ ಅರ್ಧ ಗಂಟೆಯನ್ನು ಇದಕ್ಕೆ ಮೀಸಲಿಡಬಹುದು.